ಮೊದಲ ಓರೆಗೀಟು

ಗ್ರಿಮ್ಸ್‌ಬಿಯ ದಾಖಲೆ ಕಚೇರಿ, ನೆಲಮಾಳಿಗೆ.
ಇಲ್ಲಿದೆ ನಮ್ಮ ಹುಡುಕುವ ಯಂತ್ರ, ಹೆಸರು ಟರ್ಬಟ್.
ಸರ್ವರುಗಳಿಗೆಲ್ಲ ಇಲ್ಲಿ ಮೀನಿನ ಹೆಸರೇ;
ಪ್ರಿಂಟರಿಗೆ ಮಾತ್ರ, ಯಾಕೋ, ಡೋರೀನ್.

ನಿನ್ನೆ ರಾತ್ರಿ ಅದನ್ನು ಆರರಿಂದ ಒಂಬತ್ತಕ್ಕೆ ಏರಿಸಿದೆ.
ಏರಿಸುವುದೆಂದರೆ ಇಷ್ಟೇ: ಹಳೆಯದನ್ನು ನಿಲ್ಲಿಸು, ಹೊಸದನ್ನು ಬಿಚ್ಚು,
ಎಚ್ಚರಿಕೆಗಳನ್ನು ಓದಿದ ಹಾಗೆ ಮಾಡು, ಹೂಂ ಅನ್ನು.
ಹೂಂ ಅಂದೆ. ಹಸಿರು ದೀಪ ಬಂತು.
ಕೋಟು ಹಾಕಿಕೊಂಡು ಕೊನೆಯ ಬಸ್ಸು ಹಿಡಿದೆ.

ಬೆಳಿಗ್ಗೆ ಒಂಬತ್ತೂಕಾಲಿಗೆ ವಿನಿಫ್ರೆಡ್ ಸ್ಟಾಥರ್,
ಎಂಬತ್ತಮೂರು, ಗಾಲಿಯ ಚೀಲ, ನೆನೆದ ಟೋಪಿ,
ಮಂಗಳವಾರದ ತಮ್ಮ ಕುರ್ಚಿಯಲ್ಲಿ ಕೂತು
ಎರಡು ಬೆರಳಲ್ಲಿ ಕುಟ್ಟಿದರು: ಸ್ಟಾಥರ್, ಡೆಕ್ ಆಳು, ೧೯೩೧.
ಸೊನ್ನೆ.
ದೋಣಿಯ ಹೆಸರು ಕೊಟ್ಟರು. ಸೊನ್ನೆ.
"ಹೋದ ವಾರ ಇದ್ದ ನಮ್ಮ ಚಿಕ್ಕಪ್ಪ," ಅಂದರು, ನನ್ನ ಕಡೆ ತಿರುಗದೆ,
"ಎರಡು ಸಲ ಮುಳುಗೋಕಾಗಲ್ಲಮ್ಮ ಯಾರಿಗೂ."

ಕೆಳಗಿಳಿದು ಲಾಗ್ ತೆರೆದೆ.
ಕೆಂಪಕ್ಷರದ ಒಂದೇ ಸಾಲು, ನಾನೂರ ಹನ್ನೆರಡು ಸಲ:
ಕಾನ್ಫಿಗ್ ಕಡತ ಸಿಗಲಿಲ್ಲ. ಸಿಗಲಿಲ್ಲ. ಸಿಗಲಿಲ್ಲ.
ಕಡತ ಇದೆ! ಕಣ್ಣೆದುರಿಗೇ ಇದೆ,
ಬರೆದು ಹದಿನಾಲ್ಕು ವರ್ಷ, ಒಂದಕ್ಷರ ಅಳಿದಿಲ್ಲ.
ಕಂಕುಳಲ್ಲಿ ಕೂಸು, ಊರೆಲ್ಲ ಡಂಗುರ ಅಂತಾರೆ;
ಇದಕ್ಕೆ ತನ್ನ ಕಂಕುಳೇ ಎಲ್ಲಿದೆ ಗೊತ್ತಿಲ್ಲ.
ಅನುಮತಿ ನೋಡಿದೆ, ಸರಿ. ಒಡೆಯ ಯಾರು ನೋಡಿದೆ, ಸರಿ.
ಕೋಶದ ಹೆಸರಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ
ಜಗಳವೇನಾದರೂ ಇದೆಯೇ ನೋಡಿದೆ, ಇಲ್ಲ.
ನಿಲ್ಲಿಸಿ ಎಬ್ಬಿಸಿದೆ. ಬೈದು ಎಬ್ಬಿಸಿದೆ.
ಕೊನೆಗೆ, ಹೇಳಲು ನಾಚಿಕೆ, ಆ ಕಡತವನ್ನೇ ನಕಲು ಮಾಡಿ
ಕಂಡ ಕಂಡ ಮೂಲೆಗೆ ಒಂದೊಂದು ಇಟ್ಟೆ,
ಇಲಿಗೆ ಪಾಷಾಣ ಇಟ್ಟ ಹಾಗೆ.
ಇಲಿ ಮೂಸಲೂ ಇಲ್ಲ.

ಹನ್ನೊಂದಕ್ಕೆ ಡೆಸ್ಮಂಡ್ ಕ್ಲೇಗೆ ಫೋನು.
ಇದನ್ನು ಕಟ್ಟಿದವನು. ಈಗ ತೋಳುದ್ದದ ಲೀಕ್ ಬೆಳೆದು
ಸ್ಪರ್ಧೆಗೆ ಒಯ್ಯುತ್ತಾನೆ. ಸಲಿಕೆ ಊರಿದ ಸದ್ದು, ಗಾಳಿ.
"ದಾರಿ ಹೇಗೆ ಬರೆದಿದೆ? ಓದು."
ಓದಿದೆ.
"ಮೊದಲಲ್ಲಿ ಓರೆಗೀಟು?"
ಇಲ್ಲ.
"ಹಾಂ. ನನ್ನ ಸ್ಕ್ರಿಪ್ಟು ಮೊದಲು ಆ ಕೋಶದೊಳಗೆ ಹೋಗಿ ನಿಂತು
ಆಮೇಲೆ ಎಬ್ಬಿಸ್ತಿತ್ತು. ಯಾರಿಗೂ ಹೇಳಿರಲಿಲ್ಲ ಅಲ್ವಾ ನಾನು?"
ಇಲ್ಲ, ಡೆಸ್ಮಂಡ್.

ಗೀಟಿಲ್ಲದ ದಾರಿ ಬೇರಿನಿಂದ ಹೊರಡುವುದಿಲ್ಲ,
ನಿಂತಲ್ಲಿಂದ ಹೊರಡುತ್ತದೆ.
ಆರನೆಯದನ್ನು ಕೈಹಿಡಿದು ಕರೆತಂದು
ಸರಿಯಾದ ಹೊಸ್ತಿಲಲ್ಲಿ ನಿಲ್ಲಿಸುವವರಿದ್ದರು.
ಒಂಬತ್ತನೆಯದು ತಾನೇ ಏಳುತ್ತದೆ, ನಟ್ಟ ನಡು ಬಯಲಲ್ಲಿ,
ಕೈಯಲ್ಲೊಂದು ಚೀಟಿ: ಎಡಕ್ಕೆ ತಿರುಗಿ ಮೂರನೇ ಬಾಗಿಲು.
ಯಾವ ಬೀದಿಯ ಎಡ?

ಈ ಊರಿಗೆ ಬಂದ ಮೊದಲ ರಾತ್ರಿ ನಾನೂ
ಟ್ಯಾಕ್ಸಿಯವನಿಗೆ ಹೀಗೇ ಹೇಳಿದ್ದೆ:
ಇಲ್ಲೇ ಮುಂದೆ, ಆ ಅಂಗಡಿ ದಾಟಿದ ಮೇಲೆ.
ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಮೀಟರು ಓಡುತ್ತಿತ್ತು.

ಬೇರಿನಿಂದ ಹಿಡಿದು ಪೂರ್ತಿ ವಿಳಾಸ ಬರೆದೆ.
ಎಲ್ಲಕ್ಕೂ ಮುಂದೆ ಒಂದು ಗೀಟು, ಗೋಡೆಗೊರಗಿಸಿಟ್ಟ ಕೋಲಿನಂತೆ.
ಎಬ್ಬಿಸಿದೆ.
ಫ್ಯಾನು ಒಮ್ಮೆ ಜೋರಾಗಿ ಉಸಿರೆಳೆದು ತಣ್ಣಗಾಯಿತು.

ಮೇಲೆ ವಿನಿಫ್ರೆಡ್ ಬಿಸ್ಕತ್ತು ಮುಗಿಸಿದ್ದರು.
ಮತ್ತೆ ಎರಡು ಬೆರಳು.
ಸ್ಟಾಥರ್, ಎಲ್. ವಯಸ್ಸು ಹತ್ತೊಂಬತ್ತು. ಫಲಿತಾಂಶ ಒಂದು.
ಪುಟ ತೆರೆಯಲಿಲ್ಲ ಅವರು.
"ಇದ್ದಾನೆ," ಅಂದು ಟೋಪಿ ಹಿಂಡಿ ಹಾಕಿಕೊಂಡು
ಹನ್ನೆರಡರ ಬಸ್ಸಿಗೆ ಹೊರಟರು.

ಮಧ್ಯಾಹ್ನವೆಲ್ಲ ನಾನಿಟ್ಟ ನಕಲುಗಳನ್ನು ಹೆಕ್ಕಿ ಹೆಕ್ಕಿ ಅಳಿಸಿದೆ.
ಎಂಟು ಇಟ್ಟಿದ್ದ ನೆನಪು.
ಸಿಕ್ಕಿದ್ದು ಏಳು.